ಮುಗುಳ್ನಗೆ: ಒಂದು ಪದದ ಹುಟ್ಟು ಮತ್ತು ಅರ್ಥ

ಮುಖದ ಮೇಲೆ ಮೂಡುವ ಭಾವಗಳಿಗೆ ಕನ್ನಡದಲ್ಲಿರುವ ಹೆಸರುಗಳನ್ನು ಒಟ್ಟಿಗೆ ಇರಿಸಿ ನೋಡಿದರೆ, ಅವುಗಳಲ್ಲಿ ಹೆಚ್ಚಿನವು ಯಾವುದೋ ಒಂದು ಅಂಗ ಮಾಡುವ ಕೆಲಸವನ್ನು ನೇರವಾಗಿ ಹೇಳುವಂಥವು ಎಂಬುದು ಗೊತ್ತಾಗುತ್ತದೆ. ಹುಬ್ಬು ಗಂಟಿಕ್ಕುವುದು, ಮೂಗು ಮುರಿಯುವುದು, ಮುಖ ಸಿಂಡರಿಸುವುದು, ಹಲ್ಲು ಕಿರಿಯುವುದು, ತುಟಿ ಕೊಂಕಿಸುವುದು ಎಂಬ ಮಾತುಗಳನ್ನು ಕೇಳಿದ ಕೂಡಲೇ ಎಲ್ಲಿ ಏನು ನಡೆಯುತ್ತಿದೆ ಎಂಬ ಚಿತ್ರ ಕಣ್ಣಿಗೆ ಕಟ್ಟುತ್ತದೆ. 'ಮುಗುಳ್ನಗೆ' ಈ ಸಾಲಿಗೆ ಸೇರದ ಪದ. ಅದರಲ್ಲಿ ತುಟಿಯ ಹೆಸರಿಲ್ಲ, ಕೆನ್ನೆಯ ಹೆಸರಿಲ್ಲ, ಇರುವುದು ಮೊಗ್ಗು ಎಂಬ ಅರ್ಥದ 'ಮುಗುಳ್' ಮತ್ತು ನಗುವಿನ ಹೆಸರಾದ 'ನಗೆ' ಎಂಬ ಎರಡು ಮಾತುಗಳು ಮಾತ್ರ. ಮೊಗ್ಗಿನಂತಹ ನಗೆ ಎಂದು ಈ ಸಮಾಸವನ್ನು ಬಿಡಿಸಿ, ಇದೊಂದು ಅಂದವಾದ ಹೋಲಿಕೆ ಎಂದು ಹೇಳಿ ಮುಂದೆ ಹೋಗುವುದು ವಾಡಿಕೆ. ಆ ವಿವರಣೆಯನ್ನು ತಪ್ಪೆನ್ನುವಂತಿಲ್ಲವಾದರೂ ಅಷ್ಟಕ್ಕೇ ನಿಂತರೆ ಪದದ ಒಡಲಲ್ಲಿರುವ ಮುಖ್ಯವಾದ ಸಂಗತಿ ಕೈತಪ್ಪಿಹೋಗುತ್ತದೆ; ಏಕೆಂದರೆ 'ಮುಗುಳ್' ಎಂಬುದು ಹೂವಿನ ಚೆಲುವನ್ನು ಸೂಚಿಸುವುದಕ್ಕಿಂತ ಮೊದಲು ಮುಚ್ಚಿಕೊಂಡಿರುವ ಒಂದು ಸ್ಥಿತಿಯನ್ನು ಸೂಚಿಸುವ ಮಾತು, ಮತ್ತು ಮುಗುಳ್ನಗೆಯನ್ನು ಕಿರುನಗೆಯಿಂದ ಬೇರ್ಪಡಿಸುವುದು ಆ ಅರ್ಥವೇ.

ಮೊದಲು 'ನಗೆ'ಯನ್ನು ನೋಡಬಹುದು. ಇದು 'ನಗು' ಎಂಬ ಧಾತುವಿಗೆ ಎಕಾರ ಹತ್ತಿ ಹುಟ್ಟಿದ ಭಾವನಾಮ, ಅಂದರೆ ಕ್ರಿಯೆಗೆ ಕೊಟ್ಟ ಹೆಸರು. 'ಕೊಲ್' ಎಂಬುದು 'ಕೊಲೆ' ಆದಂತೆ, 'ಹೊರು' ಎಂಬುದು 'ಹೊರೆ' ಆದಂತೆ 'ನಗು' ಎಂಬುದು 'ನಗೆ' ಆಗಿದೆ. ಭೂತಕಾಲದಲ್ಲಿ ಈ ಧಾತು 'ನಕ್ಕು' ಎಂದಾಗುವುದು, 'ಮಿಗು' 'ಮಿಕ್ಕು' ಆಗುವ ಮತ್ತು 'ಹೊಗು' 'ಹೊಕ್ಕು' ಆಗುವ ಕ್ರಮದಲ್ಲಿಯೇ. ತಮಿಳಿನ 'ನಗು', 'ನಗೈ' (ಬರವಣಿಗೆಯಲ್ಲಿ ಇವೆರಡಕ್ಕೂ ಕಕಾರವೇ ಇದೆ, ಸ್ವರಗಳ ನಡುವೆ ಬಂದಾಗ ಅದು ಗಕಾರದಂತೆ ಕೇಳಿಸುತ್ತದೆ), ತೆಲುಗಿನ 'ನಗು', 'ನಗವು', 'ನವ್ವು' ಇವೆಲ್ಲ ಒಂದೇ ಬಳ್ಳಿಯ ಕುಡಿಗಳು. ಟಿ. ಬರೋ ಮತ್ತು ಎಂ. ಬಿ. ಎಮನೋ ಅವರು 1961ರಲ್ಲಿ ಮೊದಲು ಪ್ರಕಟಿಸಿ 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ಜ್ಞಾತಿಪದಕೋಶದಲ್ಲಿ, ಅಂದರೆ ಒಂದೇ ಮೂಲದಿಂದ ಕವಲೊಡೆದ ಪದಗಳನ್ನು ಒಟ್ಟುಗೂಡಿಸಿದ ಕೋಶದಲ್ಲಿ, ಇವು ಒಂದೇ ನಮೂದಿನಡಿ ಬರುತ್ತವೆ.

ಹಾಗೆಂದು ದಕ್ಷಿಣದ ಎಲ್ಲ ಭಾಷೆಗಳೂ ನಗುವುದಕ್ಕೆ ಇದೇ ಧಾತುವನ್ನು ನಿತ್ಯದ ಮಾತಿನಲ್ಲಿ ಉಳಿಸಿಕೊಂಡಿಲ್ಲ. ತುಳುವಿನಲ್ಲಿ ನಗುವುದು 'ತೆಲಿಪುನಿ', ನಗು 'ತೆಲಿಕೆ'. ಮಲಯಾಳದಲ್ಲಿ 'ಚಿರಿ' ನೆಲೆಯೂರಿದೆ, ತಮಿಳಿನ ಆಡುಮಾತಿನಲ್ಲಿಯೂ 'ಸಿರಿ' ಎಂಬುದೇ ಬಳಕೆಯ ಮಾತಾಗಿ 'ನಗೈ' ಕಾವ್ಯದ ಮತ್ತು ಗ್ರಂಥದ ಕಡೆಗೆ ಸರಿದಿದೆ. ಇಲ್ಲಿ ಒಂದು ಸ್ವಾರಸ್ಯವಿದೆ. ಇಕಾರ, ಎಕಾರಗಳ ಹಿಂದೆ ಕನ್ನಡದಲ್ಲಿ ಕಕಾರವಿರುವ ಎಡೆಯಲ್ಲಿ ತಮಿಳು, ಮಲಯಾಳಗಳಲ್ಲಿ ಚಕಾರ ಬರುವುದು ಒಂದು ನಿಯತವಾದ ಧ್ವನಿವ್ಯತ್ಯಾಸ. ನಮ್ಮ 'ಕಿವಿ' ಅಲ್ಲಿ 'ಚೆವಿ', ನಮ್ಮ 'ಕಿರಿಯ' ಅಲ್ಲಿ 'ಚಿರಿಯ'. ಆ ನಿಯಮವನ್ನು ಹಿಡಿದು ನೋಡಿದರೆ ಅವರ 'ಚಿರಿ'ಯ ಜೊತೆಗೆ ಇರಿಸಬಹುದಾದ ಮಾತು ನಮ್ಮಲ್ಲಿ 'ಹಲ್ಲು ಕಿರಿ' ಎಂಬಲ್ಲಿ ಉಳಿದಿದೆ. ನೆರೆಯವರಲ್ಲಿ ಮರ್ಯಾದೆಯ ನಗುವಾಗಿರುವುದು ಕನ್ನಡದಲ್ಲಿ ಬೈಗುಳಕ್ಕೆ ಹತ್ತಿರವಾದ ನಗುವಾಗಿರುವುದಕ್ಕೆ ಕಾರಣ, ಸಭ್ಯವಾದ ಸ್ಥಾನವನ್ನೆಲ್ಲ ನಮ್ಮಲ್ಲಿ 'ನಗು' ಒಂದೇ ಆಕ್ರಮಿಸಿಕೊಂಡಿದ್ದು ಎಂದು ತೋರುತ್ತದೆ.

'ನಗೆ'ಯ ಅರ್ಥವ್ಯಾಪ್ತಿಯಲ್ಲಿ ಗಮನಿಸಬೇಕಾದದ್ದು ಅದರ ಬೆಳಕಿನ ಅಂಶ. ತಮಿಳಿನ 'ನಗೈ'ಗೆ ನಗು ಎಂಬ ಅರ್ಥದ ಜೊತೆಗೆ ಹೊಳಪು, ಹಲ್ಲು, ಒಡವೆ ಎಂಬ ಅರ್ಥಗಳೂ ಇವೆ. ಇಂದಿಗೂ ತಮಿಳುನಾಡಿನ ಚಿನ್ನದಂಗಡಿಯ ಹಲಗೆಯ ಮೇಲೆ ಕಾಣುವ ಪದ ಅದು. ಸಂಸ್ಕೃತದ ಕವಿಸಮಯದಲ್ಲಿ, ಅಂದರೆ ಕವಿಗಳೆಲ್ಲ ಒಪ್ಪಿ ನಡೆಸಿಕೊಂಡು ಬಂದ ರೂಢಿಯಲ್ಲಿ, ನಗೆಗೆ ಬಿಳಿಯ ಬಣ್ಣ. ಭರತನ ನಾಟ್ಯಶಾಸ್ತ್ರವೂ ಹಾಸ್ಯರಸಕ್ಕೆ ಬಿಳುಪನ್ನೇ ಬಣ್ಣವಾಗಿ ಹೇಳುತ್ತದೆ. ಹಲ್ಲು ಕಂಡಾಗ ಬಿಳುಪು ಕಾಣುವುದರಿಂದ ಈ ಕಲ್ಪನೆ ಹುಟ್ಟಿರಬೇಕೆಂದು ಊಹಿಸುವುದು ಸುಲಭ. ಆದರೆ ಹಾಗೆ ಹೇಳಿದಾಗ ತೊಡಕೊಂದು ಎದುರಾಗುತ್ತದೆ: ಮುಗುಳ್ನಗೆಯಲ್ಲಿ ಹಲ್ಲು ಕಾಣುವುದೇ ಇಲ್ಲ. ನಗೆಯ ಗುರುತಾದ ಬೆಳಕನ್ನು ಒಳಗಿಟ್ಟುಕೊಂಡ ನಗೆ ಅದು.

ಇನ್ನು 'ಮುಗುಳ್'. ಹಳಗನ್ನಡದ ಈ ವ್ಯಂಜನಾಂತ ಪದಕ್ಕೆ, ಅಂದರೆ ಕೊನೆಯಲ್ಲಿ ಸ್ವರವಿಲ್ಲದ ಪದಕ್ಕೆ, ನಡುಗನ್ನಡದ ಹೊತ್ತಿಗೆ ಉಕಾರ ಸೇರಿ 'ಮುಗುಳು' ಆಯಿತು. 'ಕಾಲ್' 'ಕಾಲು' ಆದದ್ದೂ 'ಬಾಳ್' 'ಬಾಳು' ಆದದ್ದೂ ಇದೇ ಬಗೆಯಲ್ಲಿ. ತಮಿಳಿನಲ್ಲಿ ಇದಕ್ಕೆ ನೆಂಟನಾದ 'ಮುಗಿೞ್' ಎಂಬ ಮಾತು ನಾಮಪದವೂ ಹೌದು, ಕ್ರಿಯಾಪದವೂ ಹೌದು, ಮತ್ತು ಕ್ರಿಯಾಪದವಾದಾಗ ಅದಕ್ಕೆ ಮೊಗ್ಗಾಗು ಎಂಬ ಅರ್ಥದ ಜೊತೆಗೆ ಕೈಜೋಡಿಸು, ಕಣ್ಣು ಮುಚ್ಚು ಎಂಬ ಅರ್ಥಗಳೂ ಇವೆ. ಕನ್ನಡದಲ್ಲಿ ಈ ಕ್ರಿಯೆಯ ಭಾರವನ್ನು ಹೊತ್ತದ್ದು 'ಮುಗಿ'. ಇಂದು ಮುಗಿಯುವುದೆಂದರೆ ಕೊನೆಗೊಳ್ಳುವುದು ಎಂಬ ಅರ್ಥವೇ ಮುಂದಾಗಿ ಕಂಡರೂ 'ಕೈಮುಗಿ' ಎಂಬಲ್ಲಿ ಹಳೆಯ ಅರ್ಥ ಮಾಸದೆ ಉಳಿದಿದೆ. ಬಿಡಿಸಿದ್ದ ಎರಡು ಅಂಗೈಗಳು ಒಂದಕ್ಕೊಂದು ಸೇರಿ ಮುಚ್ಚಿಕೊಳ್ಳುವುದೇ ಕೈಮುಗಿಯುವುದು. ಸಂಜೆಯಾದಾಗ ತಾವರೆ ಮುಗಿಯಿತು ಎಂದು ಹಳಗನ್ನಡದ ಕವಿಗಳು ಹೇಳಿದಾಗ ತಾವರೆಯ ಆಯುಸ್ಸು ತೀರಿತು ಎಂದು ಅರ್ಥವಲ್ಲ, ಎಸಳುಗಳು ಒಳಸೇರಿ ಹೂ ಮತ್ತೆ ಮೊಗ್ಗಿನ ಆಕಾರಕ್ಕೆ ಬಂದಿತು ಎಂದು ಅರ್ಥ. ತೆಲುಗಿನಲ್ಲಿ ಕೈಗೂ ಕಣ್ಣಿಗೂ ಹೊಂದುವ 'ಮೋಡ್ಚು' ಎಂಬ ಕ್ರಿಯಾಪದ ಇದೇ ಕೆಲಸ ಮಾಡುತ್ತದೆ. ಹೀಗೆ ಕೈ, ಕಣ್ಣು, ಹೂ ಮೂರಕ್ಕೂ ಸಮಾನವಾದ ಮುಚ್ಚಿಕೊಳ್ಳುವಿಕೆಯೇ ಈ ಪದಕುಟುಂಬದ ತಿರುಳು. ಮುಚ್ಚಿಕೊಂಡಿರುವ ಹೂವಿಗೆ ಮುಗುಳೆಂದು ಹೆಸರಾದದ್ದು ಆ ತಿರುಳಿನ ಒಂದು ಕವಲು.

ಸಂಸ್ಕೃತದ 'ಮುಕುಲ'ವೂ ಮೊಗ್ಗೇ. ಅದು ಸಂಸ್ಕೃತದಿಂದ ಕನ್ನಡಕ್ಕೆ ಬಂದು ಮುಗುಳಾಯಿತೆಂದು ಹೇಳುವವರು ಹಿಂದೆ ಇದ್ದರು. ಆದರೆ ದ್ರಾವಿಡ ಭಾಷೆಗಳಲ್ಲಿ ಈ ಪದಕ್ಕೆ ಕ್ರಿಯಾಧಾತುವಿನ ಆಸರೆಯೂ ವಿಸ್ತಾರವಾದ ಬಳಗವೂ ಇರುವುದರಿಂದ, ಪಯಣ ತಿರುಗುಮುರುಗಾಗಿ ನಡೆದಿದೆ, ಮುಕುಲವೇ ದ್ರಾವಿಡದಿಂದ ಸಂಸ್ಕೃತಕ್ಕೆ ಹೋದ ಪದ ಎಂಬ ಬರೋ ಮೊದಲಾದವರ ಅಭಿಪ್ರಾಯವೇ ಒಪ್ಪತಕ್ಕದ್ದಾಗಿದೆ. ಸ್ವಾರಸ್ಯವೆಂದರೆ ಸಂಸ್ಕೃತಕ್ಕೆ ಹೋದ ಮೇಲೂ ಆ ಪದ ತನ್ನ ಮುಚ್ಚಿಕೊಳ್ಳುವ ಗುಣವನ್ನು ಬಿಡಲಿಲ್ಲ. ನಾಟ್ಯಶಾಸ್ತ್ರದಲ್ಲಿ ಐದೂ ಬೆರಳುಗಳ ತುದಿಯನ್ನು ಒಂದೆಡೆ ಕೂಡಿಸಿದ ಕೈಗೆ ಮುಕುಲಹಸ್ತವೆಂದು ಹೆಸರು, ಅಲ್ಲಿಯೇ ಹೇಳಿರುವ ಮೂವತ್ತಾರು ದೃಷ್ಟಿಗಳಲ್ಲಿ ರೆಪ್ಪೆ ಕೂಡಿಕೊಂಡ ನೋಟಕ್ಕೆ ಮುಕುಲಾದೃಷ್ಟಿ ಎಂದು ಹೆಸರು. ಕನ್ನಡ ಕವಿಗಳು 'ಮುಕುಳ', 'ಮುಕುಳಿತ' ಎಂದು ಬಳಸಿದಾಗ, ತವರಿನ ಮಾತೇ ಪರಊರಿನ ಉಡುಗೆ ತೊಟ್ಟು ಮನೆಗೆ ಮರಳಿದಂತಾಯಿತು.

ಎರಡು ಮಾತುಗಳೂ ಸೇರಿ ಆದ ಸಮಾಸವನ್ನು ಎರಡು ಬಗೆಯಲ್ಲಿ ಬಿಡಿಸಲು ಸಾಧ್ಯವಿದೆ. 'ಮುಗುಳಿನಂತಹ ನಗೆ' ಎಂದರೆ ಅದು ಉಪಮಾನವನ್ನು ಪೂರ್ವಪದವಾಗಿ ಉಳ್ಳ ಕರ್ಮಧಾರಯ. ಅಲ್ಲಿ ನಗೆಯೇ ಬೇರೆ, ಮುಗುಳೇ ಬೇರೆ, ನಡುವೆ ಹೋಲಿಕೆ ಇದೆ. 'ಮುಗುಳಾಗಿರುವ ನಗೆ' ಎಂದು ಬಿಡಿಸಿದರೆ ಹೋಲಿಕೆ ಹಿಂದೆ ಸರಿದು, ನಗೆಗೇ ಮುಗುಳು, ಅರಳು ಎಂಬ ಅವಸ್ಥೆಗಳಿವೆ ಎಂದೂ ಇದು ಮೊದಲನೆಯ ಅವಸ್ಥೆಯ ನಗೆ ಎಂದೂ ಆಗುತ್ತದೆ. ಎರಡನೆಯ ಬಿಡಿಕೆಗೆ ಭಾಷೆಯೊಳಗೇ ಆಧಾರವಿದೆ. ಕನ್ನಡದಲ್ಲಿ ನಗೆ ಅರಳುತ್ತದೆ, ಮೊಗವೂ ಅರಳುತ್ತದೆ; ಅರಳುವ ವಸ್ತುವಿಗೆ ಮುಗುಳಿನ ಸ್ಥಿತಿ ಇರುವುದು ಸಹಜ. ಇನ್ನೊಂದು ಆಧಾರ 'ಮುಗುಳ್ನಗು' ಎಂಬ ಕ್ರಿಯಾಪದ. ನಾಮಪದ ಮತ್ತು ಕ್ರಿಯಾಪದ ಕೂಡಿದ ಸಮಾಸಕ್ಕೆ ಕ್ರಿಯಾಸಮಾಸವೆಂದು ಹೆಸರು. 'ಕೈಮುಗಿದನು' ಎಂಬಲ್ಲಿ ಕೈ ಎಂಬುದು ಕರ್ಮ, ಅಂದರೆ ಕ್ರಿಯೆ ನಡೆಯುವುದು ಅದರ ಮೇಲೆ. 'ಮುಗುಳ್ನಕ್ಕನು' ಎಂಬಲ್ಲಿ ಮುಗುಳು ಕರ್ಮವಲ್ಲ, ಅವನು ಮುಗುಳನ್ನು ನಗಲಿಲ್ಲ. 'ನಸುನಕ್ಕನು', 'ಮುಸಿನಕ್ಕನು' ಎಂಬಲ್ಲಿ ನಸು ಮತ್ತು ಮುಸಿ ನಗುವ ರೀತಿಯನ್ನು ಹೇಳುವಂತೆ ಮುಗುಳೂ ರೀತಿಯನ್ನು ಹೇಳುತ್ತಿದೆ.

ಇಲ್ಲಿಯೇ ಕಿರುನಗೆ, ನಸುನಗೆ, ಎಳನಗೆಗಳಿಗೂ ಮುಗುಳ್ನಗೆಗೂ ಇರುವ ಭೇದ ಸ್ಪಷ್ಟವಾಗುವುದು. ಕಿರಿದು, ನಸು ಎಂಬವು ಪ್ರಮಾಣವನ್ನು ಹೇಳುವ ಮಾತುಗಳು. ಕಿರುನಗೆ ಎಂದರೆ ಅಷ್ಟೇ ಇರುವ ನಗೆ, ಅದರ ಹಿಂದೆ ಇನ್ನೇನೂ ಉಳಿದಿರಬೇಕಾಗಿಲ್ಲ. ತಮಿಳಿನ 'ಪುನ್ನಗೈ', ಮಲಯಾಳದ 'ಪುಂಚಿರಿ', ತೆಲುಗಿನ 'ಚಿರುನವ್ವು' ಈ ಮೂರೂ ಸಣ್ಣದು ಎಂಬ ಅರ್ಥದ ಮಾತನ್ನು ಮುಂದಿಟ್ಟುಕೊಂಡು ಆದ ಪದಗಳು. ಸಂಸ್ಕೃತದಿಂದ ಬಂದ 'ಮಂದಹಾಸ', 'ದರಹಾಸ'ಗಳೂ ಪ್ರಮಾಣದ ಲೆಕ್ಕದವೇ. ಮುಗುಳು ಹೇಳುವುದು ಅವಸ್ಥೆಯನ್ನು, ಮತ್ತು ಮುಗುಳಿನೊಳಗೆ ಹೂ ಇಡಿಯಾಗಿ ಇರುತ್ತದೆ. ತೆಲುಗಿನ ಹಳೆಯ ಕಾವ್ಯಭಾಷೆಯ 'ಮೊಲಕನಗವು', ಎಂದರೆ ಮೊಳಕೆಯ ನಗೆ, ಈ ಜಾತಿಗೆ ಹತ್ತಿರವಾದರೂ ಅಲ್ಲಿ ಒತ್ತು ಬೀಳುವುದು ಹೊರಗೆ ಬರುವುದರ ಮೇಲೆ, ಒಳಗೆ ಇರುವುದರ ಮೇಲಲ್ಲ. ಈ ಅರ್ಥಕ್ಕೆ ಸರಿಸಾಟಿಯಾದ ಸಾಕ್ಷ್ಯ ಸಿಗುವುದು ತಿರುಕ್ಕುರಳಿನ ಕಾಮದ ಭಾಗದ 1274ನೆಯ ಕುರಳಿನಲ್ಲಿ. ತಿರುವಳ್ಳುವರ್ ಅಲ್ಲಿ ಹೂವಿನ ಮೊಗ್ಗಿಗೆ ಎದುರಾಗಿ ನಗೆಯ ಮೊಗ್ಗನ್ನು ಇಟ್ಟು, ಮೊದಲನೆಯದರಲ್ಲಿ ಕಂಪು ಅಡಗಿರುವಂತೆ ಮುಗುದೆಯ ನಗೆಮೊಗ್ಗಿನಲ್ಲಿಯೂ ಏನೋ ಒಂದು ಅಡಗಿದೆ ಎಂಬ ಅರ್ಥ ಬರುವಂತೆ ಹೇಳುತ್ತಾನೆ. ಆ ಅಧ್ಯಾಯದ ವಸ್ತುವೇ ಇಂಗಿತವನ್ನು ತಿಳಿಸುವುದು. ಮೊಗ್ಗಿನ ಆಕಾರವಾಗಲಿ ಅಳತೆಯಾಗಲಿ ಅವನಿಗೆ ಬೇಕಾಗಿಲ್ಲ, ಅದರ ಒಳಗು ಬೇಕಾಗಿದೆ. ಕನ್ನಡದ ಸಮಾಸವನ್ನು ಆ ಕುರಳಿನಿಂದ ಪಡೆದದ್ದೆಂದು ಹೇಳುವುದಕ್ಕೆ ಆಧಾರವಿಲ್ಲ, ಹಾಗೆ ಹೇಳುವ ಅಗತ್ಯವೂ ಇಲ್ಲ. ನಗೆಯನ್ನೂ ಮುಗುಳನ್ನೂ ಒಂದೇ ಬೇರುಗಳಿಂದ ಪಡೆದ ಎರಡು ಭಾಷೆಗಳು ಅವೆರಡನ್ನೂ ಒಂದೇ ಬಗೆಯಲ್ಲಿ ಕೂಡಿಸಿದವು ಎಂಬಷ್ಟು ಸಾಕು.

ಸಂಸ್ಕೃತದ ದಾರಿ ಬೇರೆಯದು. ಅಲ್ಲಿ ನಗುವುದಕ್ಕೆ 'ಹಸ್' ಎಂಬ ಧಾತುವಿದ್ದರೆ, ಸ್ವಲ್ಪವೇ ನಗುವುದಕ್ಕೆ 'ಸ್ಮಿ' ಎಂಬ ಬೇರೆಯದೇ ಧಾತುವಿದೆ. 'ಸ್ಮಿತ' ಹುಟ್ಟಿದ್ದು ಇದರಿಂದ. ಇಂಗ್ಲಿಷಿನ 'ಸ್ಮೈಲ್' ಈ ಧಾತುವಿನ ದೂರದ ನೆಂಟ, ಬೆರಗೆಂಬ ಅರ್ಥದ ಬಳಗವುಳ್ಳ ಲ್ಯಾಟಿನ್ನಿನ 'ಮೀರುಸ್' ಕೂಡ ಇದರ ಕುಲಕ್ಕೇ ಸೇರಿದ್ದು. ಸಂಸ್ಕೃತದಲ್ಲಿಯೂ 'ವಿಸ್ಮಯ' ಎಂಬ ಪದ 'ವಿ' ಎಂಬ ಉಪಸರ್ಗ ಸೇರಿದ 'ಸ್ಮಿ'ಯೇ ಆಗಿರುವುದರಿಂದ, ಬೆರಗಿನಿಂದ ಮುಖ ಹಿಗ್ಗುವುದಕ್ಕೂ ನಸುನಗುವಿನಿಂದ ಹಿಗ್ಗುವುದಕ್ಕೂ ಆ ಭಾಷೆಗಳ ಹಿರಿಯರು ಒಂದೇ ಬೇರನ್ನು ಕಂಡಿದ್ದರೆಂದು ಹೇಳಬಹುದು. ಉಪಸರ್ಗವಿಲ್ಲದ 'ಸ್ಮಯ'ಕ್ಕೆ ಗರ್ವವೆಂಬ ಅರ್ಥವೂ ಉಂಟು. ಕನ್ನಡದ 'ನಗು'ವಿನಲ್ಲಿ ಬೆರಗೂ ಇಲ್ಲ, ಗರ್ವವೂ ಇಲ್ಲ. ಆದ್ದರಿಂದ ಮುಗುಳ್ನಗೆ ಮತ್ತು ಸ್ಮಿತ ಇವೆರಡೂ ಒಂದೇ ಮುಖವನ್ನು ಕುರಿತು ಹೇಳಿದರೂ ಬೇರೆ ಬೇರೆ ಬಾಗಿಲುಗಳಿಂದ ಅಲ್ಲಿಗೆ ಬಂದ ಪದಗಳು.

ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ನಗೆಯನ್ನು ಸ್ಮಿತ, ಹಸಿತ, ವಿಹಸಿತ, ಉಪಹಸಿತ, ಅಪಹಸಿತ, ಅತಿಹಸಿತ ಎಂದು ಆರಾಗಿ ವಿಂಗಡಿಸಿ, ಮೊದಲ ಎರಡನ್ನು ಉತ್ತಮ ಪಾತ್ರಗಳಿಗೂ ನಡುವಿನ ಎರಡನ್ನು ಮಧ್ಯಮರಿಗೂ ಕಡೆಯ ಎರಡನ್ನು ಅಧಮರಿಗೂ ಹಂಚಿದ್ದಾನೆ. ಸ್ಮಿತಕ್ಕೆ ಅವನು ಕೊಟ್ಟಿರುವ ಲಕ್ಷಣ ಬಹಳ ಸೂಕ್ಷ್ಮವಾದದ್ದು: ಕೆನ್ನೆಗಳು ಕೊಂಚವಷ್ಟೇ ಅರಳಿರಬೇಕು, ಕಡೆಗಣ್ಣಿನ ನೋಟ ಹದವಾಗಿರಬೇಕು, ಹಲ್ಲು ಕಾಣಬಾರದು. ಹಲ್ಲು ತುಸು ಕಂಡೊಡನೆ ಅದು ಹಸಿತವಾಗಿಬಿಡುತ್ತದೆ. ಇಲ್ಲಿ ತುಟಿಗಿಂತ ಮೊದಲು ಕೆನ್ನೆ ಮತ್ತು ಕಣ್ಣಿನ ಮಾತು ಬಂದಿರುವುದನ್ನು ಗಮನಿಸಬೇಕು. 1862ರಲ್ಲಿ ಫ್ರಾನ್ಸಿನ ವೈದ್ಯ ದುಷೆನ್ ಮುಖದ ಸ್ನಾಯುಗಳಿಗೆ ವಿದ್ಯುತ್ತನ್ನು ಹಾಯಿಸಿ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿ, ತುಟಿಯ ಕೊನೆಯನ್ನು ಮೇಲೆಳೆಯುವ ಕೆನ್ನೆಯ ಸ್ನಾಯುವನ್ನು ಮನುಷ್ಯ ಬೇಕೆಂದಾಗ ಕುಗ್ಗಿಸಬಲ್ಲ, ಕಣ್ಣಿನ ಸುತ್ತಲಿನ ಸ್ನಾಯುವಾದರೋ ನಿಜವಾದ ಸಂತೋಷಕ್ಕೆ ಮಾತ್ರ ಓಗೊಡುತ್ತದೆ ಎಂದು ಹೇಳಿದ. ಹತ್ತು ವರ್ಷಗಳ ನಂತರ ಡಾರ್ವಿನ್ ತನ್ನ ಗ್ರಂಥದಲ್ಲಿ ಆ ಚಿತ್ರಗಳನ್ನು ಬಳಸಿಕೊಂಡ. ರಂಗದ ನಟನಿಗೆ ಪಾಠ ಹೇಳುತ್ತಿದ್ದ ಶಾಸ್ತ್ರಕಾರ ಮತ್ತು ಸ್ನಾಯುವನ್ನು ಬಿಡಿಸಿ ನೋಡುತ್ತಿದ್ದ ವೈದ್ಯ ಇಬ್ಬರ ಬೆರಳೂ ಕಣ್ಣಿನ ಕೊನೆಯನ್ನೇ ತೋರಿಸಿದೆ. ಆದರೆ ಭರತನ ವಿಂಗಡಣೆಯಲ್ಲಿರುವ ಮೇಲುಕೀಳಿನ ಅಂಶವನ್ನು ಮರೆಮಾಚಬೇಕಾಗಿಲ್ಲ: ನಗೆಯನ್ನು ಒಳಗಿಟ್ಟುಕೊಳ್ಳುವುದು ಕುಲೀನರ ಲಕ್ಷಣ, ಹೊರಗೆ ಬಿಡುವುದು ಕೆಳಗಿನವರ ಲಕ್ಷಣ ಎಂಬ ತೀರ್ಮಾನ ಅಲ್ಲಿದೆ, ಮತ್ತು ನಗುವ ಹೆಂಗಸನ್ನು ನಂಬಬಾರದೆಂಬ ಗಾದೆಯವರೆಗೂ ಅದರ ನೆರಳು ಚಾಚಿದೆ. ಹೆಣ್ಣಿನ ಮುಗುಳ್ನಗೆಯನ್ನು ಎಷ್ಟು ಕೊಂಡಾಡಿದರೂ ದಣಿಯದ ಕಾವ್ಯಪರಂಪರೆ, ಹೆಣ್ಣು ಬಾಯ್ತುಂಬ ನಕ್ಕಾಗ ಅದನ್ನು ಯುದ್ಧಕ್ಕೆ ಕಾರಣವೆಂದು ಎಣಿಸಿದ್ದುಂಟು.

ಅವಸ್ಥೆಯೆಂಬ ಅರ್ಥ ಎಷ್ಟು ಅನಿವಾರ್ಯ ಎಂಬುದನ್ನು ಕನ್ನಡ ನಾಡಿನ ಒಂದು ಶಿಲ್ಪ ತೋರಿಸಿಕೊಡುತ್ತದೆ. ಹತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಗಂಗರ ಮಂತ್ರಿ ಚಾವುಂಡರಾಯ ಶ್ರವಣಬೆಳಗೊಳದ ದೊಡ್ಡಬೆಟ್ಟದ ಮೇಲೆ ಮಾಡಿಸಿದ, ಸುಮಾರು 58 ಅಡಿ ಎತ್ತರದ ಗೊಮ್ಮಟನ ಮುಖದಲ್ಲಿ ತುಟಿಗಳು ಒಂದಕ್ಕೊಂದು ತಾಗಿಕೊಂಡಿವೆ, ಅವುಗಳ ಕೊನೆಗಳು ಕೂದಲೆಳೆಯಷ್ಟು ಮೇಲಕ್ಕೆ ಸರಿದಿವೆ, ರೆಪ್ಪೆಗಳು ಅರ್ಧ ಇಳಿದಿವೆ. ನೋಡಿದವರೆಲ್ಲ ಅದನ್ನು ಮುಗುಳ್ನಗೆ ಅಥವಾ ಮಂದಸ್ಮಿತ ಎಂದು ಕರೆಯುತ್ತಾರೆ. ಆದರೆ ಜೈನ ಕರ್ಮಸಿದ್ಧಾಂತದಲ್ಲಿ ಹಾಸ್ಯವೆಂಬುದು ಒಂಬತ್ತು ನೋಕಷಾಯಗಳಲ್ಲಿ, ಅಂದರೆ ಕ್ರೋಧ, ಮಾನ, ಮಾಯೆ, ಲೋಭ ಎಂಬ ಕಷಾಯಗಳ ಬೆನ್ನಿಗಿದ್ದು ಆತ್ಮವನ್ನು ಕಲಕುವ ಕಿರಿಯ ವಿಕಾರಗಳಲ್ಲಿ, ಮೊದಲನೆಯದಾಗಿ ಎಣಿಕೆಯಾಗುತ್ತದೆ. ಸಮಂತಭದ್ರನ ರತ್ನಕರಂಡಶ್ರಾವಕಾಚಾರವು ಆಪ್ತನಲ್ಲಿ, ಅಂದರೆ ನಂಬಿ ನಡೆಯಬೇಕಾದ ಜಿನನಲ್ಲಿ, ಇರಬಾರದ ದೋಷಗಳನ್ನು ಹೆಸರಿಸುವಾಗ ಗರ್ವವೆಂಬ ಅರ್ಥದ ಸ್ಮಯವನ್ನೂ ಸೇರಿಸಿಕೊಂಡಿದೆ. ಹೀಗಿರುವಾಗ ಎಲ್ಲವನ್ನೂ ಗೆದ್ದು ನಿಂತವನ ಮುಖದಲ್ಲಿ ಹಾಸ್ಯದ ಒಂದು ಸಣ್ಣ ಪ್ರಮಾಣ ಉಳಿದುಕೊಂಡಿದೆ ಎಂದು ಹೇಳಿದರೆ ಸಿದ್ಧಾಂತಕ್ಕೆ ಭಂಗ ಬರುತ್ತದೆ. ಕಿರುನಗೆ ಎಂಬ ಮಾತು ಆ ಮುಖಕ್ಕೆ ಒಗ್ಗದಿರುವುದು ಈ ಕಾರಣದಿಂದಲೇ ಇರಬೇಕು; ಮುಚ್ಚಿಕೊಂಡ, ಒಳಗನ್ನು ಒಳಗೇ ಉಳಿಸಿಕೊಂಡ ಎಂಬ ಅರ್ಥವನ್ನು ಹೊತ್ತ ಮುಗುಳ್ನಗೆಗೆ ಅಲ್ಲಿ ಎಡೆಯುಂಟು. 1604ರಲ್ಲಿ ವೇಣೂರಿನಲ್ಲಿ ನಿಂತ, ಸುಮಾರು 35 ಅಡಿಯ ಗೊಮ್ಮಟನ ಕೆನ್ನೆಗಳಲ್ಲಿ ಗುಳಿ ಬಿದ್ದಂತೆ ಕಡೆದಿರುವುದರಿಂದ ಆ ಮುಖ ನಗೆಯ ಕಡೆಗೆ ಇನ್ನೊಂದು ಹೆಜ್ಜೆ ಸರಿದಂತೆ ಕಾಣುತ್ತದೆ. ಬೆಳಗೊಳದ ಶಿಲ್ಪಿ ನಿಲ್ಲಿಸಿದ ಕಡೆಯಲ್ಲಿಯೇ ಉಳಿಯನ್ನು ನಿಲ್ಲಿಸುವುದು ಎಲ್ಲರಿಗೂ ಸಾಧ್ಯವಾಗುವ ಕೆಲಸವಲ್ಲ.

ಪದ ಇಂದು ಯಾವ ಸಂಗಾತಿಗಳೊಡನೆ ಓಡಾಡುತ್ತದೆ ಎಂಬುದನ್ನೂ ನೋಡಬೇಕು. ಮುಗುಳ್ನಗೆ ತುಟಿಯಂಚಿನಲ್ಲಿ ಸುಳಿಯುತ್ತದೆ, ಮೂಡುತ್ತದೆ, ಮಿನುಗುತ್ತದೆ, ತೇಲುತ್ತದೆ. ಗಹಗಹಿಸುವ ನಗು ಇವುಗಳಲ್ಲಿ ಒಂದನ್ನೂ ಮಾಡಲಾರದು. ಪತ್ರಿಕೆಗಳಲ್ಲಿ ಅದನ್ನು ಬೀರುತ್ತಾರೆ, ಸೂಸುತ್ತಾರೆ, ಚೆಲ್ಲುತ್ತಾರೆ. ಮುಚ್ಚಿಕೊಂಡಿರುವುದನ್ನು ಚೆಲ್ಲುವುದು ಹೇಗೆಂದು ಕೇಳುವವರು ಕಡಿಮೆ. ರೂಪದ ಮಟ್ಟಿಗೆ ಹೇಳುವುದಾದರೆ, ಬಿಡಿಪದವಾಗಿ ಮುಗುಳು ಉಕಾರವನ್ನು ಪಡೆದರೂ ಸಮಾಸದೊಳಗೆ ಹಳಗನ್ನಡದ ವ್ಯಂಜನಾಂತ ರೂಪ ಹಾಗೆಯೇ ಉಳಿದಿದೆ, 'ಕಣ್ಮರೆ', 'ಮೇಲ್ಮನೆ'ಗಳಲ್ಲಿ ಉಳಿದಿರುವಂತೆ. ಆ ರೂಪವನ್ನು ಹೊಸಗನ್ನಡದ ಕಡೆಗೆ ಎಳೆಯುವ ಯತ್ನವೂ ನಡೆದಿದೆ. 2017ರಲ್ಲಿ ತೆರೆಕಂಡ ಯೋಗರಾಜ್ ಭಟ್ಟರ ಚಲನಚಿತ್ರದ ಹೆಸರು 'ಮುಗುಳು ನಗೆ' ಎಂದೇ ಇದೆ. ಅದು ತಪ್ಪಲ್ಲ. ಆದರೆ 'ಮುಗಳ್ನಗೆ' ಎಂದು ಗಕಾರದ ಉಕಾರವನ್ನು ಕಳೆದು ಬರೆಯುವುದು ಮಾತ್ರ ತಿದ್ದಬೇಕಾದ ಬರಹ.

ಡಿ.ವಿ.ಜಿ.ಯವರ ಮಂಕುತಿಮ್ಮನ ಕಗ್ಗದಲ್ಲಿ ನಗುವನ್ನು ಕುರಿತ ಪದ್ಯ ಸಭೆ ಸಮಾರಂಭಗಳಲ್ಲಿ ಮತ್ತೆ ಮತ್ತೆ ಕೇಳಿಬರುತ್ತದೆ. ಅದರ ವಸ್ತು ನಗು, ನಗಿಸುವಿಕೆಗಳೇ ಹೊರತು ಮುಗುಳ್ನಗೆಯಲ್ಲ, ಮತ್ತು ಆ ವ್ಯತ್ಯಾಸ ಸಹಜವಾದದ್ದು. ನಗು ಇಬ್ಬರ ನಡುವೆ, ಹತ್ತು ಜನರ ನಡುವೆ ಹಂಚಿಕೆಯಾಗುವಂಥದ್ದು. ಮುಗುಳ್ನಗೆ ಒಬ್ಬರ ಮುಖವನ್ನು ಇನ್ನೊಬ್ಬರು ನೋಡಿ ಹೇಳುವ ಮಾತು. ಬಾಯಿಮಾತಿನ ಕನ್ನಡದಲ್ಲಿ ಸಣ್ಣಗೆ ನಕ್ಕ, ಒಳಗೊಳಗೇ ನಕ್ಕ, ಮುಸಿಮುಸಿ ನಕ್ಕಳು, ಕಿಸಕ್ಕನೆ ನಕ್ಕಳು ಎನ್ನುತ್ತಾರಲ್ಲದೆ ಮುಗುಳ್ನಕ್ಕಳು ಎಂದು ಮನೆಯಂಗಳದಲ್ಲಿ ಹೇಳುವವರು ಅಪರೂಪ. ಕಾದಂಬರಿ, ಕವಿತೆ, ವರದಿಗಳ ಹಾಳೆಯ ಮೇಲೆ ಹೆಚ್ಚಾಗಿ ಬದುಕುವ ಪದ ಇದು. ಆಜ್ಞಾರ್ಥದಲ್ಲಿ ಅದು ಬಳಕೆಯಾಗುವುದು ಇನ್ನೂ ಅಪರೂಪ. ಫೋಟೊ ಸ್ಟುಡಿಯೊದವರು 'ಸ್ವಲ್ಪ ನಗಿ' ಎನ್ನುತ್ತಾರೆ, 'ಸ್ಮೈಲ್ ಮಾಡಿ' ಎನ್ನುತ್ತಾರೆ; 'ಮುಗುಳ್ನಗಿ' ಎನ್ನುವುದಿಲ್ಲ.